ತೊಗಲು ಹೇಳಿದಂತೆ ತೋಳು

ದಾವಣಗೆರೆಯ ಬೆಣ್ಣೆ ದೋಸೆಯ ಮಾತು ಬಂದಾಗ ಎಲ್ಲರೂ ನಾಲಿಗೆಯನ್ನೇ ಹೊಗಳುತ್ತಾರೆ. ಬೆರಳಿಗೆ ಸಲ್ಲಬೇಕಾದದ್ದು ಸಲ್ಲುವುದೇ ಇಲ್ಲ. ಬೆಣ್ಣೆಯಲ್ಲಿ ಮಿಂದ ಚೂರು ಜಾರುತ್ತದೆ. ಗರಿಯಾದ ಅಂಚು ತುಸು ಒತ್ತಿದರೂ ಮುರಿಯುತ್ತದೆ. ಆದರೂ ಬೀಳಿಸದೆ, ಹಿಸುಕದೆ, ಪಲ್ಯ ಸಮೇತ ಬಾಯಿಗೆ ಸೇರಿಸುತ್ತೇವೆ. ಎಷ್ಟು ಒತ್ತಬೇಕೆಂದು ತೋಳಿಗೆ ಹೇಳಿದವರು ಯಾರು?

ತೊಗಲು! ಒಂದು ಅಂಗೈ ಮತ್ತು ಅದರ ಬೆರಳುಗಳ ಒಳಮೈಯಲ್ಲಿ ಸ್ಪರ್ಶದ ಸುದ್ದಿ ಒಯ್ಯುವ ನರತಂತುಗಳು ಸುಮಾರು 17,000. ಸ್ವೀಡನ್ನಿನ ಯೋಹಾನ್ಸನ್ ಮತ್ತು ವೆಸ್ಟ್‌ಲಿಂಗ್ ರೇಷ್ಮೆ, ಚರ್ಮ, ಮರಳುಕಾಗದ ಹೊದಿಸಿದ ವಸ್ತುಗಳನ್ನು ಜನರಿಂದ ಎತ್ತಿಸಿ, 1984ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈ ನುಣುಪಾದಷ್ಟೂ ಹಿಡಿತ ತಾನಾಗಿ ಬಿಗಿಯಾಗುತ್ತಿತ್ತು. ವಸ್ತು ಕೊಂಚ ಜಾರಿದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಸ್ನಾಯುಗಳು ಎಚ್ಚೆತ್ತುಕೊಳ್ಳುತ್ತಿದ್ದವು. ಬೆರಳನ್ನು ಮರಗಟ್ಟಿಸಿದಾಗ ಮಾತ್ರ ಈ ಹದ ತಪ್ಪಿತು.

ತೊಗಲು ಬಿಗಿ ಮಾಡಿಸುವುದಷ್ಟೇ ಅಲ್ಲ, ಬಿಡಿಸುವುದೂ ಉಂಟು. ಮಂಡಕ್ಕಿ ಭಟ್ಟಿಯಲ್ಲಿ ಕಾದ ಬಾಣಲೆಯ ಅಂಚು ಬೆರಳಿಗೆ ತಾಗಿತೆನ್ನಿ. ನೋವಿನ ಸುದ್ದಿ ಕುತ್ತಿಗೆಯ ಮಟ್ಟದ ಬೆನ್ನುಹುರಿಗೆ ಮುಟ್ಟುತ್ತಲೇ ಹಿಡಿದ ಸ್ನಾಯು ಸುಮ್ಮನಾಗಿ, ಮೊಣಕೈ ಮಡಿಸುವ ಸ್ನಾಯು ಕೆಲಸಕ್ಕೆ ಇಳಿಯುತ್ತದೆ. ‘ಅಯ್ಯೋ’ ಎನ್ನುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಬೆರಳಿಗೆ ಬಲವಾದ ವಿದ್ಯುತ್ ಚುರುಕು ಕೊಟ್ಟು, ಬಿಗಿಹಿಡಿದ ಹೆಬ್ಬೆರಳ ಸ್ನಾಯು ಎಷ್ಟು ಹೊತ್ತು ಮೌನವಾಗುತ್ತದೆಂದು ನರತಜ್ಞರು ಅಳೆಯುವುದೂ ಇದೇ ಕಾರಣಕ್ಕೆ.

ಹಾಗೇ ತುಂಗಭದ್ರೆಯ ದಡದ ಹರಿಹರಕ್ಕೆ ಬನ್ನಿ. ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಹರಿ ಅರ್ಧ, ಹರ ಅರ್ಧ, ಮೂರ್ತಿ ಒಂದೇ. ಮುಂಗೈಯಿಂದ ಅಂಗೈಗೆ ಇಳಿಯುವ ಮೀಡಿಯನ್ ನರವೂ ಹಾಗೆಯೇ: ಅರಿವು ತರುವ ಎಳೆ, ಆಜ್ಞೆ ಒಯ್ಯುವ ಎಳೆ ಒಂದೇ ಹುರಿಯಲ್ಲಿ. ಇದೇ ಊರಿನಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಡೆದ ಲೋಹದ ಮೇಲೆ ಉಗುರಾಡಿಸಿ ನುಣುಪು ನೋಡುವುದು ಲೇತ್ ಕೆಲಸಗಾರರ ಹಳೆಯ ವಿದ್ಯೆ. ಕೈಚಳಕವೆಂದು ನಾವು ಮೆಚ್ಚುವುದರಲ್ಲಿ ಚರ್ಮದ ಪಾಲು ದೊಡ್ಡದು.

ಚರ್ಮದ ಆ ಅರಿವು ಹೋದರೆ ಏನಾಗುತ್ತದೆಂದು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕಂಡರು. ಕುಷ್ಠರೋಗಿಗಳ ಬೆರಳು ತಾನಾಗಿ ಕೊಳೆತು ಉದುರುವುದಿಲ್ಲ. ನೋವು ತಿಳಿಯದೆ ಆದ ಗಾಯ, ಸುಟ್ಟ ಹುಣ್ಣುಗಳೇ ಬೆರಳನ್ನು ತಿನ್ನುತ್ತವೆ ಎಂದು ತೋರಿಸಿಕೊಟ್ಟರು. ಇಂದು ಸಕ್ಕರೆ ಕಾಯಿಲೆಯೂ ಕೈಕಾಲಿನ ಅರಿವನ್ನು ಮೆಲ್ಲಗೆ ಕದಿಯುತ್ತದೆ. ಜೋಮು ಬಿಡದಿದ್ದರೆ ‘ವಯಸ್ಸಾಯ್ತು’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಬೇಕು.

ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕುಸ್ತಿಯಲ್ಲಿ ನಾವು ಶಿಳ್ಳೆ ಹಾಕುವುದು ತೋಳಿನ ಬಲಕ್ಕೆ. ಬೆವರಿದ ಮೈ ಜಾರದಿರಲೆಂದು ಮಣ್ಣು ತೂರುವ ಪೈಲ್ವಾನನಿಗೆ ಮಾತ್ರ ಗೊತ್ತು, ಪಟ್ಟು ಮೊದಲು ಸಿಗುವುದು ತೊಗಲಿಗೆ ಎಂದು.