ಎಳೆಯ ಬೇರಿನ ಊಟ
ಭಾರತದಲ್ಲಿ ಕಿವಿ ಬಳ್ಳಿಯನ್ನು ಮೊದಲು ನೆಟ್ಟುದು ಬೆಂಗಳೂರಿನ ಲಾಲ್‌ಬಾಗಿನಲ್ಲಿ, ಅದೂ ಅಲಂಕಾರಕ್ಕೆಂದು. ಫಲ ಬಿಡಲು ಬೇಕಾದಷ್ಟು ಚಳಿ ಅಲ್ಲಿಲ್ಲ. ಹಣ್ಣಿನ ಬೆಳೆಯಾಗಿ ಅದು ನೆಲೆ ಕಂಡುದು ಹಿಮಾಚಲದ ಗುಡ್ಡಗಳಲ್ಲಿ.

ಅಲ್ಲಿನ ಸಣ್ಣ ಬೆಳೆಗಾರನು ಉಳಿತಾಯವನ್ನೆಲ್ಲ ಕಂಬ, ತಂತಿ, ಸಸಿಗಳಿಗೆ ಸುರಿದು ಮೊದಲ ಹಣ್ಣಿಗಾಗಿ ಮೂರು ನಾಲ್ಕು ವರ್ಷ ಕಾಯುತ್ತಾನೆ. ಕಾಯುವವನ ಕೈ ಸುಮ್ಮನಿರದು. ಗೊಬ್ಬರದ ಚೀಲವೋ ಹತ್ತಿರದಲ್ಲೇ ಇರುತ್ತದೆ. ಕಿವಿಯ ಬೇರುಗಳು ತಿರುಳುಳ್ಳವು, ಮಣ್ಣಿನ ಮೇಲ್ಪದರದಲ್ಲಿಯೇ ಹರಡುವಂಥವು. ನಾಟಿಯ ಗುಣಿಯೊಳಗೆ ರಾಸಾಯನಿಕ ಗೊಬ್ಬರ ಬಿದ್ದರೆ ಅದರ ಲವಣವು ಬೇರಿನ ನೀರನ್ನೇ ಹೀರಿ ಸುಟ್ಟುಬಿಡುತ್ತದೆ. ಎಲೆಯಂಚು ಕಂದಾದುದನ್ನು ಹಸಿವೆಂದು ತಿಳಿದು ಮತ್ತಷ್ಟು ಸುರಿಯುವವರೂ ಉಂಟು, ಪಾಪ.

ನೆಡುವಾಗ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೇ ಸಾಕು. ಹೊಸ ಚಿಗುರು ಹೊರಟ ಮೇಲೆ ಸಾರಜನಕವನ್ನು ಸ್ವಲ್ಪ ಸ್ವಲ್ಪವಾಗಿ, ಹಲವು ಕಂತುಗಳಲ್ಲಿ, ಬುಡದಿಂದ ಗೇಣು ದೂರದಲ್ಲಿ ಚೆಲ್ಲಿ ನೀರುಣಿಸಬೇಕು. ಶ್ರಾವಣ ಕಳೆಯುವುದರೊಳಗೆ ಕೈ ಹಿಂದೆಗೆಯಬೇಕು. ತಡವಾಗಿ ಉಂಡ ಬಳ್ಳಿಯ ಕಾಂಡ ಬಲಿಯದು. ಇಬ್ಬನಿ ಹೆಪ್ಪುಗಟ್ಟುವ ಮೊದಲ ರಾತ್ರಿಗೇ ಅದು ಕರಕಾಗುತ್ತದೆ. ಕಸಿಗಂಟಿನ ಮೇಲೆ ಒಂದು ಕಣ್ಣಾದರೂ ಉಳಿದಿದ್ದರೆ, ವಸಂತದಲ್ಲಿ ಮತ್ತೆ ನೆಲದಿಂದಲೇ ಆರಂಭ.