ಸೋಸುವ ಕಾಗದದ ಋಣ

ಬಸ್ಸು ತಪ್ಪುವ ಭಯದಲ್ಲಿ ಓಡುವವರನ್ನು ಕಂಡಾಗಲೆಲ್ಲ ನನಗೆ ಪ್ರಯೋಗಾಲಯದ ಒಂದು ಸೋಸುವ ಕಾಗದ ನೆನಪಾಗುತ್ತದೆ. ಎಲ್ಲಿಯ ಬಸ್ಸು, ಎಲ್ಲಿಯ ಕಾಗದ! ಆದರೂ ನಂಟಿದೆ.

ಓಡುವ ಕಾಲಿನ ಸ್ನಾಯುವಿನಲ್ಲಿ ಗ್ಲೈಕೋಜೆನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಅದನ್ನು ಬಿಡಿಸಿಕೊಡುವ ಕಿಣ್ವ ಫಾಸ್ಫೊರಿಲೇಸ್. ಇದಕ್ಕೆ ಎರಡು ರೂಪ: ‘ಎ’ ಚುರುಕು, ‘ಬಿ’ ಮಂದ. ಇಷ್ಟನ್ನು ವಿಜ್ಞಾನಿಗಳಾದ ಕೋರಿ ದಂಪತಿ ಮೊದಲೇ ಕಂಡುಕೊಂಡಿದ್ದರು. 1950ರ ದಶಕದಲ್ಲಿ ಸಿಯಾಟಲ್‌ನಲ್ಲಿ ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ ಆ ದಂಪತಿಯದೇ ವಿಧಾನ ಹಿಡಿದು ‘ಎ’ ತೆಗೆಯಲು ಹೊರಟರು. ಒಂದೇ ವ್ಯತ್ಯಾಸ: ಸ್ನಾಯುವಿನ ರಸವನ್ನು ಕಾಗದದಲ್ಲಿ ಸೋಸದೆ ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತಿಳಿ ಮಾಡಿಕೊಂಡರು. ಸಿಕ್ಕಿದ್ದು ಬರೀ ‘ಬಿ’. ಕಾಗದದಲ್ಲಿ ಸೋಸಿ ನೋಡಿದರೆ ‘ಎ’ ಹಾಜರ್!

ಬೇರೆ ಯಾರಾದರೂ ಆಗಿದ್ದರೆ ಕಾಗದಕ್ಕೇ ಮರಳಿ ಸುಮ್ಮನಾಗುತ್ತಿದ್ದರೇನೋ. ಇವರು ಬಿಡಲಿಲ್ಲ, ಅದಕ್ಕೇ ಇವರ ಮೇಲೆ ನನಗೆ ಅಪಾರ ಗೌರವ. ಕಾಗದದಲ್ಲಿ ಅಂಟಿಕೊಂಡಿದ್ದ ತುಸು ಕ್ಯಾಲ್ಸಿಯಂ ಇನ್ನೊಂದು ಕಿಣ್ವವನ್ನು, ಅಂದರೆ ಕೈನೇಸನ್ನು, ಎಬ್ಬಿಸುತ್ತಿತ್ತು. ಅದು ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಫಾಸ್ಫೊರಿಲೇಸಿಗೆ ಅಂಟಿಸುತ್ತಿತ್ತು. ಎಂಟುನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿಯಲ್ಲಿ ಹದಿನಾಲ್ಕನೆಯದಾದ ಸೆರೀನಿನ ಮೇಲೆ ಒಂದು ಫಾಸ್ಫೇಟ್ ಕೂತರೆ ಸಾಕು, ಇಡೀ ಪ್ರೋಟೀನಿನ ಮೈಕಟ್ಟೇ ಹೊರಳಿ ಮಂದ ಕಿಣ್ವ ಚುರುಕಾಗುತ್ತದೆ. ಕೆಲಸ ಮುಗಿದ ಮೇಲೆ ಫಾಸ್ಫಟೇಸ್ ಎಂಬ ಮತ್ತೊಂದು ಕಿಣ್ವ ಅದನ್ನು ಕಿತ್ತುಹಾಕುತ್ತದೆ. ಹೊಸ ಪ್ರೋಟೀನು ಕಟ್ಟುತ್ತ ಕೂರುವ ಪುರುಸೊತ್ತು ಓಡುವವರಿಗೆಲ್ಲಿ?

ನನ್ನನ್ನು ಬೆರಗುಗೊಳಿಸುವುದು ಆ ಕ್ಯಾಲ್ಸಿಯಂ. ಸ್ನಾಯು ಸಂಕುಚಿಸಲು ಅಪ್ಪಣೆ ಕೊಡುವುದೂ ಅದೇ. ದುಡಿಮೆಯ ಕರೆ, ಊಟದ ಕರೆ ಎರಡೂ ಒಂದೇ ಬಾಯಿಂದ! ಭಯವಾದಾಗ ಅಡ್ರಿನಲಿನ್ ಬೇರೆ ಹಾದಿಯಿಂದ ಬಂದು ಇದೇ ಕೈನೇಸನ್ನು ಎಬ್ಬಿಸುತ್ತದೆ.

ಪ್ರೋಟೀನು ತಯಾರಾದರೆ ಜೀವಕೋಶದ ಕೆಲಸ ಮುಗಿಯಿತು ಎಂಬಂತೆ ಮಕ್ಕಳಿಗೆ ಪಾಠ ಮಾಡುತ್ತೇವೆ. ನಿಜವಾದ ಆಡಳಿತ ಶುರುವಾಗುವುದೇ ಆಮೇಲೆ. ಮನುಷ್ಯರಲ್ಲಿ ಐನೂರಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ. ಕೆಲವು ಪ್ರೋಟೀನುಗಳಿಗೆ ಸಕ್ಕರೆ ಅಂಟುತ್ತದೆ, ಸವೆದವು ಯುಬಿಕ್ವಿಟಿನ್ ಎಂಬ ಚೀಟಿ ಬಿದ್ದು ವಿಲೇವಾರಿಯಾಗುತ್ತವೆ.

ಅಂಟಿಸುವುದಕ್ಕೆ ಲಗಾಮು ತಪ್ಪಿದರೆ ಅನಾಹುತ. ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ವಿಕಾರಗೊಂಡ ಕೈನೇಸ್ ಬಿಡುವಿಲ್ಲದೆ ಫಾಸ್ಫೇಟ್ ಅಂಟಿಸುತ್ತಲೇ ಇರುತ್ತದೆ. ಕ್ರೆಬ್ಸ್ ಮತ್ತು ಫಿಷರ್‌ಗೆ ನೊಬೆಲ್ ಬಂದದ್ದು 1992ರಲ್ಲಿ; ಆ ಹುಚ್ಚು ಕೈನೇಸಿನ ಬಾಯಿಗೆ ಬೀಗ ಹಾಕುವ ಇಮ್ಯಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ.