ಗೂಡು ನೋಡಿ ಕಾರ್ಖಾನೆ ಹೇಳುತ್ತಿದ್ದ ಊರು

ಭದ್ರಾವತಿಯಲ್ಲಿ ಒಂದು ಕಾಲಕ್ಕೆ ಹಿತ್ತಿಲ ಕೋಳಿಗೂಡು ನೋಡಿದರೆ ಸಾಕಿತ್ತು, ಮನೆ ಯಜಮಾನ ಯಾವ ಕಾರ್ಖಾನೆಯವನು ಎಂದು ಹೇಳಿಬಿಡಬಹುದಿತ್ತು. ಆಂಗಲ್ ತುಂಡಿನ ಕಾಲು, ಪಟ್ಟಿ ಬಡಿದ ಬಾಗಿಲು ಇದ್ದರೆ ಅವನು ಕಬ್ಬಿಣದ ಕಾರ್ಖಾನೆಯವನು. ಸುತ್ತ ಸಣ್ಣ ಕಣ್ಣಿನ ಜಾಲರಿ, ಮಳೆಗಾಲಕ್ಕೆ ಕಂಬಳಿಯಂಥ ದಪ್ಪ ಪರದೆ ಇದ್ದರೆ ಪೇಪರ್ ಮಿಲ್ಲಿನವನು. ಕಾಗದದ ಯಂತ್ರದಲ್ಲಿ ನೀರುನೀರಾದ ತಿರುಳು ಸೋಸಿಕೊಳ್ಳುವುದು ಜಾಲರಿಯ ಮೇಲೆ, ಹಿಂಡಿಸಿಕೊಳ್ಳುವುದು ಫೆಲ್ಟಿನ ಜೊತೆ. ಎರಡೂ ಸವೆಯುವ ಮಾಲು. ಸವೆದದ್ದು ಗುಜರಿಗೆ, ಗುಜರಿಯಿಂದ ಹಿತ್ತಿಲಿಗೆ.

ನಾವು ಶಿವಮೊಗ್ಗದ ಕೋಟೆಯವರು. ಶಿವಪ್ಪನಾಯಕನ ಅರಮನೆ, ಆಂಜನೇಯನ ಗುಡಿ, ಹಿಂದೆ ತುಂಗೆ. ಇಷ್ಟೇ ನಮ್ಮ ಲೋಕ. ಬೇಸಿಗೆ ರಜೆ ಬಂದರೆ ರೈಲು ಹತ್ತಿ ಭದ್ರಾವತಿಯ ಸೋದರಮಾವನ ಮನೆಗೆ. ಬೆಂಕಿಪುರ ಅನ್ನುವುದು ಆ ಊರಿನ ಹಳೆಯ ಹೆಸರು. 1923ರಲ್ಲಿ ಕುಲುಮೆ ಉರಿಯತೊಡಗಿದ ಮೇಲೆ ಹೆಸರಿಗೆ ತಕ್ಕ ಊರಾಯಿತು ಎಂದು ಮಾವ ನಗುತ್ತಿದ್ದರು. ಅದಿರು ಕೆಮ್ಮಣ್ಣುಗುಂಡಿಯದು, ಇದ್ದಿಲು ಸುತ್ತಲ ಕಾಡಿನದು. ತಮಿಳರು, ತೆಲುಗರು, ಮಲಯಾಳಿಗಳು, ನಮ್ಮವರು ಎಲ್ಲ ಒಂದೇ ಸಾಲಿನ ಮನೆಗಳಲ್ಲಿ. ಅತ್ತೆಗೆ ಗಡಿಯಾರ ಬೇಕಿರಲಿಲ್ಲ. ಬೆಳಗಿನ ಸೈರನ್ ಕೂಗಿದಾಗ ಕೋಳಿ ಬಿಡುವುದು, ಕತ್ತಲಾಗುವಾಗ ಎಣಿಸಿ ಕೂಡುವುದು.

1974ರ ರಜೆಯಲ್ಲಿ ನನಗೆ ಹತ್ತು ವರ್ಷ. ಬಿದಿರು ಬುಟ್ಟಿ ಕವುಚಿ ಮೇಲೆ ಕಲ್ಲು ಹೇರುವ ಕಾಲ ಮುಗಿಯಿತು, ಈ ಸಲ ಗೂಡು ಕಟ್ಟೋಣ ಎಂದರು ಮಾವ. ಭಾನುವಾರ ಇಬ್ಬರೂ ಸೈಕಲ್ ತಳ್ಳಿಕೊಂಡು ಗುಜರಿ ಅಂಗಡಿಗೆ ಹೋದೆವು. ಯಂತ್ರ ಬಂದಿದ್ದ ಪೆಟ್ಟಿಗೆಯ ಹಲಗೆ, ಬಿಚ್ಚಿ ಚಪ್ಪಟೆ ಮಾಡಿದ ಡಾಂಬರು ಡ್ರಮ್ಮಿನ ಎರಡು ತಗಡು, ಒಂದು ಸುರುಳಿ ಜಾಲರಿ. ತೂಕಕ್ಕೆ ಹಾಕಿ, ಚೌಕಾಸಿ ಮಾಡಿ, ಒಟ್ಟು 11 ರೂಪಾಯಿ. ಮೊಳೆ ಮಾತ್ರ ಕೊಳ್ಳಲಿಲ್ಲ. ಹಲಗೆಯಲ್ಲಿದ್ದ ಸೊಟ್ಟ ಮೊಳೆಗಳನ್ನೇ ಕಿತ್ತು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡುವುದು ನನ್ನ ಪಾಲಿನ ಕೆಲಸ. ಮೂರು ಏಟು ಮೊಳೆಗೆ, ಒಂದು ಹೆಬ್ಬೆರಳಿಗೆ.

ಒಂದು ಕೋಳಿಗೆ ಎರಡು ಚದರಡಿ ಎಂದು ಮಾವನ ಲೆಕ್ಕ. ಆರು ಕೋಳಿ, ಹಾಗಾಗಿ ನಾಲ್ಕಡಿ ಉದ್ದ, ಮೂರಡಿ ಅಗಲ. ನೆಲದಿಂದ ಎರಡಡಿ ಎತ್ತರಕ್ಕೆ ಕಾಲು; ಇರುವೆ ಹತ್ತದಂತೆ ಕಾಲುಗಳು ನೀರಿನ ಡಬ್ಬಿಯೊಳಗೆ. ತಳಕ್ಕೆ ಅಡಿಕೆ ದಬ್ಬೆ, ನಡುವೆ ಅರ್ಧ ಬೆರಳಿನ ಸಂದು. ಹಿಕ್ಕೆ ಕೆಳಗಿನ ತಗಡಿಗೆ ಬೀಳುತ್ತದೆ, ಅಲ್ಲಿಂದ ನುಗ್ಗೆಮರದ ಬುಡಕ್ಕೆ. ಕೂರುವ ಕೋಲಿನ ಏಣು ಕೆತ್ತಿ ದುಂಡಗೆ ಮಾಡಿದರು. ತಗಡು ಕಾಯುತ್ತದೆಂದು ಮೇಲೆ ಅಡಿಕೆ ಸೋಗೆ. ಮಲೆನಾಡಿನ ಮಳೆ ಅಡ್ಡಡ್ಡ ಹೊಡೆಯುತ್ತದೆ, ಅದಕ್ಕೇ ಪಡುವಣ ಬದಿಯ ಸೂರು ಒಂದು ಗೇಣು ಹೆಚ್ಚು. ಹೇನು ಕೊಡವಿಕೊಳ್ಳಲು ಪಕ್ಕದಲ್ಲಿ ಒಲೆಬೂದಿಯ ಗುಂಡಿ.

ಬಾಗಿಲ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ‘ಈ ಬದಿ ಮೇಲೆ’ ಎಂದು ಬರೆದು ಬಾಣದ ಗುರುತು ಹಾಕಿತ್ತು. ನಾವು ಬಡಿದದ್ದು ತಲೆಕೆಳಗಾಗಿ. ಬಾಣ ನೆಲ ತೋರಿಸುತ್ತಿತ್ತು. ನಾನು ಹೇಳಿದ್ದಕ್ಕೆ ಮಾವ, “ಕೋಳಿಗೆಲ್ಲಿ ಇಂಗ್ಲಿಷ್ ಬರುತ್ತೋ ಮಾರಾಯ, ಬಿಡು” ಅಂದರು.

ಅವರು ತಪ್ಪಿದ್ದು ಬೇರೆ ಕಡೆ. ಗಾಳಿಯಾಡಲಿ ಎಂದು ಸೂರಿನ ಕೆಳಗೆ ನಾಲ್ಕು ಬೆರಳು ಸಂದು ಬಿಟ್ಟಿದ್ದರು. ಮೂರನೇ ರಾತ್ರಿ ಪುನುಗೋ ಕಾಡುಬೆಕ್ಕೋ ನುಗ್ಗಿತು. ಬೆಳಗ್ಗೆ ನೋಡಿದರೆ ಎರಡು ಹೇಂಟೆ ಇಲ್ಲ, ದಬ್ಬೆಯ ತುಂಬ ಗರಿ. ಅತ್ತೆ ಏನೂ ಅನ್ನಲಿಲ್ಲ, ಆ ದಿನ ಮಾವನಿಗೆ ಬುತ್ತಿಯನ್ನೂ ಕಟ್ಟಲಿಲ್ಲ. ಸಂಜೆ ಮಾವ ಜಾಲರಿಯನ್ನು ಸೂರಿನವರೆಗೂ ಎಳೆದು, ಸೈಕಲ್ ಸ್ಪೋಕಿನಿಂದ ಹೊಲಿದರು. ಆಮೇಲೆ ನನ್ನ ಕೈ ಹಿಡಿದು ಕಲಿಸಿದ ಸೂತ್ರ: ಕಿರುಬೆರಳು ತೂರಿದರೆ ಇಲಿ, ಹೆಬ್ಬೆರಳು ತೂರಿದರೆ ಹಾವು, ಮುಷ್ಟಿ ತೂರಿದರೆ ಕೋಳಿ ಹೋಯಿತು.

ಗೂಡುಗಳು ಕಾಣದಾದದ್ದು ಕಾರ್ಖಾನೆ ನಿಂತು ಅಲ್ಲ, ಅದಕ್ಕೂ ಮೊದಲೇ. ಫಾರಂ ಮೊಟ್ಟೆ ಬಂತು, ಬೀದಿಗೊಂದು ಬ್ರಾಯ್ಲರ್ ಅಂಗಡಿ ಬಂತು. ಕೊಕ್ಕರೆ ರೋಗ ಬಂದ ವರ್ಷ ಕೇರಿಯ ಗೂಡೆಲ್ಲ ಒಂದೇ ವಾರದಲ್ಲಿ ಖಾಲಿ; ಮತ್ತೆ ತುಂಬುವ ಹುಮ್ಮಸ್ಸು ಯಾರಿಗೂ ಬರಲಿಲ್ಲ. ಖಾಲಿ ಗೂಡಿನಲ್ಲಿ ಸೌದೆ, ಹಳೆ ಚಪ್ಪಲಿ. 2015ರಲ್ಲಿ ಪೇಪರ್ ಮಿಲ್ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಬಂತು, ಕಾರ್ಮಿಕರು ಧರಣಿ ಕೂತರು. ಅಷ್ಟರಲ್ಲಿ ಮಾವನೂ ಇರಲಿಲ್ಲ, ಅತ್ತೆಯೂ ಇರಲಿಲ್ಲ.

ಹೋದ ವರ್ಷ ಮೊಮ್ಮಗಳು ಬೀದಿಯಲ್ಲಿ ಬಣ್ಣ ಬಳಿದು ಮಾರುವ ಮರಿಗಳಲ್ಲಿ ನಾಲ್ಕನ್ನು ಹಿಡಿದುಕೊಂಡು ಬಂದಳು. ಗುಲಾಬಿ ಎರಡು, ಹಸಿರು ಎರಡು. ಉಳಿಯುವುದಿಲ್ಲ ಎಂದುಕೊಂಡೆ, ಮೂರು ಉಳಿದವು, ಬಣ್ಣ ಉದುರಿ ಬೆಳ್ಳಗಾದವು. ಮಗ ಮೊಬೈಲಿನಲ್ಲಿ ರೆಡಿಮೇಡ್ ಪಂಜರ ತೋರಿಸಿದ. ಬೆಲೆ ನೋಡಿ ನಾನು ಮೊಮ್ಮಗಳನ್ನು ಕರೆದುಕೊಂಡು ಭದ್ರಾವತಿಯ ಬಸ್ಸು ಹತ್ತಿದೆ.

ಗುಜರಿಯ ಮುಖವೇ ಬದಲಾಗಿದೆ. ಕಬ್ಬಿಣ ಕಡಿಮೆ, ಪ್ಲಾಸ್ಟಿಕ್ ಜಾಸ್ತಿ. ಫ್ರಿಜ್ಜಿನ ತಂತಿ ತಟ್ಟೆ ನಾಲ್ಕು ಸಿಕ್ಕಿದವು, ಟೇಬಲ್ ಫ್ಯಾನಿನ ಜಾಲರಿ ಎರಡು. ಮಳೆಗೆ ಹೊದಿಸಲು ಚುನಾವಣೆಯ ಫ್ಲೆಕ್ಸ್ ಪುಕ್ಕಟೆ. ನಗುವ ಮುಖ ಒಳಗೆ ಬರುವಂತೆ ಹಾಕಿದ್ದೇನೆ, ಕೋಳಿಗಳು ನೋಡಲಿ. ಬಾಗಿಲಿಗೆ ಹಲಗೆ ಹುಡುಕುವಾಗ, ಕೆಡವಿದ ಮನೆಗಳ ಮಾಲಿನ ರಾಶಿಯಲ್ಲಿ ಒಂದು ತುಂಡು ಕದ ಸಿಕ್ಕಿತು. ತೇಗ. ಮೇಲೆ ಬಿಳಿ ಬಣ್ಣದಲ್ಲಿ ಮನೆ ನಂಬರ್ 114.

“ಯಾರ ಮನೆ ಅಜ್ಜ ಇದು?”

ಅಂಗಡಿಯವನನ್ನು ಕೇಳಿದೆ. ಅವನು ತಕ್ಕಡಿಯಿಂದ ಕಣ್ಣೆತ್ತದೆ, “ಯಾರದೋ ಇರಬೇಕು ಸಾರ್, ಕೇಜಿಗೆ ಹದಿನೈದು” ಅಂದ.

ಮೊಳೆ ಈ ಸಲ ಹೊಸದೇ ಕೊಂಡೆ. ಸೊಟ್ಟ ಮೊಳೆ ನೆಟ್ಟಗೆ ಮಾಡುವಷ್ಟು ನನ್ನ ಕಣ್ಣಿಗೆ ಶಕ್ತಿಯಿಲ್ಲ. ಕದ ಮಾತ್ರ ನಂಬರ್ ಸರಿಯಾಗಿ ಕಾಣುವಂತೆ, ತಲೆ ಮೇಲಾಗಿಯೇ ಬಡಿದೆ. ಈಗ ಸಂಜೆ ಮೊಮ್ಮಗಳು ಸಂದುಸಂದಿಗೂ ಕಿರುಬೆರಳು ತೂರಿಸಿ ನೋಡಿ, ಅಗಳಿ ಹಾಕಿ ಬಂದು ವರದಿ ಒಪ್ಪಿಸುತ್ತಾಳೆ: “ನೂರಾ ಹದಿನಾಲ್ಕರಲ್ಲಿ ಮೂವರೂ ಇದ್ದಾರೆ ಅಜ್ಜ.”